ಶಿರಸಿಯಲ್ಲಿ ಹಸಿರು, ಕೋಡಿಬಾಗದಲ್ಲಿ ಹಳದಿ: ಒಂದು ಮನೆಯ ಗಿಡಗಳ ಪ್ರಕರಣ

ಒಂದೇ ತಾಯಿಗಿಡದ ಮರಿಗಳು, ಒಂದೇ ಚೀಲದ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ), ಒಂದೇ ವಾರ ಕುಂಡಕ್ಕೆ ಹಾಕಿದ್ದು. ಅದರಲ್ಲಿ ಅರ್ಧ ಶಿರಸಿಯ ನನ್ನ ನರ್ಸರಿಯಲ್ಲೇ ಉಳಿದವು, ಅರ್ಧ ಘಟ್ಟ ಇಳಿದು ಕಾರವಾರದ ಒಂದು ಮನೆ ಸೇರಿದವು. ಇಲ್ಲಿ ಉಳಿದವಕ್ಕೆ ಏನೂ ಆಗಲಿಲ್ಲ. ಅಲ್ಲಿಗೆ ಹೋದವು ಮಾರ್ಚ್ ಕಳೆಯುವುದರೊಳಗೆ ತುದಿಯಿಂದ ಹಳದಿಗೆ ತಿರುಗಿ, ಹಳದಿ ಕಂದಾಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದವು. ಗಿರಾಕಿಗೆ ಏನನಿಸುತ್ತದೆ? ನರ್ಸರಿಯವನು ಕೊಟ್ಟ ಗಿಡವೇ ಸರಿ ಇಲ್ಲ ಅಂತ. ಅಲ್ವಾ?

ಗಿರಾಕಿ ಅಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅಕ್ಕೋರು. ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗದಿಂದ ಜಾಸ್ತಿ ದೂರ ಇಲ್ಲ. ಸೆಪ್ಟೆಂಬರಿನಲ್ಲಿ ಶಿರಸಿಗೆ ಮದುವೆಗೆ ಬಂದವರು ಕಾರಿನ ಹಿಂದಿನ ಸೀಟು ತುಂಬಾ ಗಿಡ ಒಯ್ದಿದ್ದರು. ಸ್ಪೈಡರ್ ಪ್ಲಾಂಟ್, ಡ್ರಸೀನಾ, ಪೀಸ್ ಲಿಲಿ, ಒಂದು ಅರೆಕಾ ಪಾಮ್, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್. ಏಪ್ರಿಲಿನಲ್ಲಿ ಫೋನ್ ಬಂತು. "ತಮಾ, ನಿನ್ನ ಗಿಡ ಎಲ್ಲಾ ಒಂದರ ಹಿಂದೆ ಒಂದು ಹೀಗೇ ಆಗ್ತಾ ಬಂತಲ್ಲ, ಎಂತ ಕೊಟ್ಟಿದ್ದೆ ನೀನು?"

ಫೋಟೊ ನೋಡಿ ರೋಗ ಹೇಳುವುದು ನನಗೆ ಆಗದ ಕೆಲಸ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಳ್ಳೇ ಗಿಡವೂ ಹಳದಿಯಾಗಿ ಕಾಣುತ್ತದೆ. ಅದಕ್ಕೇ ಮೊದಲು ಪ್ರಶ್ನೆಗಳನ್ನು ಕೇಳಿದೆ. ಹಳೇ ಎಲೆಯೋ ಹೊಸ ಎಲೆಯೋ? ಇಡೀ ಎಲೆಯೋ, ನರಗಳ ನಡುವೆಯೋ, ಅಂಚೋ, ತುದಿ ಮಾತ್ರವೋ? ಎಲೆ ಮೆತ್ತಗಿದೆಯೋ ಗರಿಗರಿಯಾಗಿದೆಯೋ? ಯಾವ ತಿಂಗಳಲ್ಲಿ ಶುರುವಾಯ್ತು?

ಹಳದಿ ಎಲ್ಲಿಂದ ಶುರುವಾಯ್ತು ಅನ್ನುವುದು ಅರ್ಧ ಉತ್ತರ. ಸಾರಜನಕ, ಪೊಟ್ಯಾಶ್, ಮೆಗ್ನೀಷಿಯಮ್ ಇವೆಲ್ಲ ಗಿಡದೊಳಗೆ ಜಾಗ ಬದಲಿಸಬಲ್ಲವು. ಕೊರತೆ ಬಂದಾಗ ಗಿಡ ಹಳೇ ಎಲೆಯಲ್ಲಿದ್ದದ್ದನ್ನು ತೆಗೆದು ಹೊಸ ಎಲೆಗೆ ಕಳಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಮ್ ಹಾಗೆ ಓಡಾಡುವುದಿಲ್ಲ, ಅವುಗಳ ಕೊರತೆ ಹೊಸ ಎಲೆಯಲ್ಲಿ ಕಾಣುತ್ತದೆ. ಸಾರಜನಕ ಕಡಿಮೆಯಾದರೆ ಕೆಳಗಿನ ಎಲೆ ಇಡಿಯಾಗಿ ಮಂಕಾಗುತ್ತದೆ. ಮೆಗ್ನೀಷಿಯಮ್ ಕಡಿಮೆಯಾದರೆ ನರ ಹಸಿರಾಗೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ನೀರು ಜಾಸ್ತಿಯಾಗಿ ಬೇರು ಕೊಳೆತರೆ ಎಲೆ ಮೆತ್ತಗಾಗಿ ಬುಡದಿಂದಲೇ ಸೋಲುತ್ತದೆ, ಕುಂಡ ಮೂಸಿದರೆ ಕೆಸರಿನ ವಾಸನೆ ಬರುತ್ತದೆ. ಇದ್ಯಾವುದೂ ಅಲ್ಲದೆ ತುದಿಯೊಂದೇ ಹಳದಿಯಾಗಿ, ಅಲ್ಲಿಂದ ಹಿಂದಕ್ಕೆ ಸರಿಯುತ್ತಾ ಬಂದರೆ, ಬೇರಿನಿಂದ ಏರಿದ ನೀರಿನ ಜೊತೆ ಬಂದದ್ದು ಏನೋ ಅಲ್ಲಿ ಸೇರಿಕೊಳ್ಳುತ್ತಿದೆ, ಇಲ್ಲಾ ನೀರೇ ತುದಿ ತನಕ ತಲುಪುತ್ತಿಲ್ಲ.

ಅಕ್ಕೋರು ಉತ್ತರ ಕೊಟ್ಟ ರೀತಿ ನೋಡಿ ನನಗೆ ಖುಷಿಯಾಯ್ತು. ಸ್ಪೈಡರ್ ಪ್ಲಾಂಟಿನ ಎಲೆಯ ಮೇಲೆ ಹಳದಿ ಮುಗಿದು ಹಸಿರು ಶುರುವಾಗುವ ಜಾಗದಲ್ಲಿ ಬಾಲ್‌ಪೆನ್ನಿನಿಂದ ಗೆರೆ ಹಾಕಿ, ವಾರ ಬಿಟ್ಟು ಮತ್ತೆ ನೋಡಿದ್ದರು. ಗೆರೆ ದಾಟಿ ಹಳದಿ ಕೆಳಗೆ ಬಂದಿತ್ತು. ಹಳೇ ಎಲೆಯಲ್ಲಿ ಜಾಸ್ತಿ, ಆದರೆ ಹೊಸ ಎಲೆಯಲ್ಲೂ ಆರಂಭವಾಗಿದೆ. ತುದಿ ಮಾತ್ರ. ಕಂದು ಮತ್ತು ಹಸಿರಿನ ನಡುವೆ ಯಾವಾಗಲೂ ಒಂದು ಸಣ್ಣ ಹಳದಿ ಪಟ್ಟಿ. ಡಿಸೆಂಬರ್ ತನಕ ಏನೂ ಇರಲಿಲ್ಲ, ಫೆಬ್ರವರಿಯಲ್ಲಿ ಗಮನಕ್ಕೆ ಬಂತು, ಈಗ ಜೋರಾಗಿದೆ. ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು: ಮನೆಯಲ್ಲಿ ಮೊದಲಿಂದ ಇದ್ದ ಹಳೇ ಸ್ಪೈಡರ್ ಪ್ಲಾಂಟ್ ಕೂಡ ಪ್ರತಿ ಬೇಸಿಗೆಯಲ್ಲಿ ಸ್ವಲ್ಪ ಹೀಗೇ ಆಗಿ ಮಳೆಗಾಲದಲ್ಲಿ ಸರಿಯಾಗುತ್ತದಂತೆ, ಆದರೆ ಈ ವರ್ಷದಷ್ಟು ಯಾವತ್ತೂ ಇರಲಿಲ್ಲ. ರೋಗವಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕ್ಯಾಲೆಂಡರ್ ನೋಡಿ ಬಂದು ಹೋಗುವುದಿಲ್ಲ.

ಮನೆಯಲ್ಲಿ ಕಂಡದ್ದು

ಕಾರವಾರಕ್ಕೆ ಬೇರೆ ಕೆಲಸವೂ ಇತ್ತು, ಹೋದೆ. ಜೇಬಿನಲ್ಲಿ ಒಂದು ಟಿಡಿಎಸ್ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುವ, ಪೆನ್ನಿನಷ್ಟು ದೊಡ್ಡ ಸಾಧನ. ನೀರಲ್ಲಿ ಅದ್ದಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅನ್ನುವುದರ ಅಂದಾಜು ಕೊಡುತ್ತದೆ. ಯಾವ ಲವಣ ಅಂತ ಹೇಳುವುದಿಲ್ಲ, ಅದು ನೆನಪಿರಲಿ.

ಮೊದಲು ಗಿಡಗಳ ಸುತ್ತ ಸುಮ್ನೆ ಓಡಾಡಿದೆ. ಪಡಸಾಲೆಯ ಕಿಟಕಿ ಹತ್ತಿರ ಪೀಸ್ ಲಿಲಿ ಮತ್ತು ಅರೆಕಾ, ಒಳಗಿನ ಕೋಣೆಯಲ್ಲಿ ಡ್ರಸೀನಾ, ಜಗಲಿ ಗೋಡೆಗೆ ತೂಗುಹಾಕಿದ ಸ್ಪೈಡರ್ ಪ್ಲಾಂಟುಗಳು. ಎಲ್ಲದರದ್ದೂ ತುದಿ ಸುಟ್ಟಿತ್ತು. ಮಣ್ಣಿನ ಕುಂಡಗಳ ಹೊರಮೈಯಲ್ಲಿ ಬಿಳಿ ಪುಡಿ, ಪ್ಲಾಸ್ಟಿಕ್ ಕುಂಡದ ಅಂಚಿನಲ್ಲಿ ಬಿಳಿ ಗೆರೆ. ಅಡಿ ತಟ್ಟೆಗಳಲ್ಲಿ ನಿಂತ ನೀರು.

ಎರಡು ಗಿಡ ಮಾತ್ರ ಚೆನ್ನಾಗಿದ್ದವು. ಒಂದು, ಮೂಲೆಯಲ್ಲಿದ್ದ ಸ್ನೇಕ್ ಪ್ಲಾಂಟ್. ಅದಕ್ಕೆ ನೀರು ಹಾಕುವುದೇ ಅಪರೂಪ. ಇನ್ನೊಂದು, ಅಡುಗೆಮನೆ ಕಟ್ಟೆ ಮೇಲೆ ಗಾಜಿನ ಬಾಟ್ಲಿಯಲ್ಲಿ ಬೇರು ಬಿಟ್ಟಿದ್ದ ಮನಿ ಪ್ಲಾಂಟ್. ಒಂದು ಎಲೆಗೂ ಕಲೆ ಇಲ್ಲ. ಜಗಲಿಯಲ್ಲಿ ಕುಂಡದಲ್ಲಿದ್ದ ಇನ್ನೊಂದು ಮನಿ ಪ್ಲಾಂಟಿನ ತುದಿ ಕಂದಾಗಿತ್ತು. ಒಂದೇ ಬಳ್ಳಿಯ ಎರಡು ತುಂಡುಗಳು. "ಬಾಟ್ಲಿಗೆ ಯಾವ ನೀರು ಹಾಕ್ತೀರಿ ಅಕ್ಕೋರೇ?" ಅಂತ ಕೇಳಿದೆ. "ಸೊಸೆ ಹಾಕ್ತಾಳೆ, ಪಕ್ಕದಲ್ಲೇ ಫಿಲ್ಟರ್ ಅದೆಯಲ್ಲ, ಅದರದ್ದೇ." ಹಾಗಾದರೆ ಬಾಕಿ ಗಿಡಕ್ಕೆ? "ಅದಕ್ಕೂ ಫಿಲ್ಟರಿಂದೇ. ಫಿಲ್ಟರ್ ಹೊರಗೆ ಬಿಡೋ ನೀರು. ಸುಮ್ನೆ ಎಂತಕ್ಕೆ ಚೆಲ್ಲೂದು ಅಂತ ಬಕೆಟ್ ಇಟ್ಟು ಹಿಡೀತೇನೆ."

ಅಲ್ಲಿಗೆ ಅನುಮಾನ ಗಟ್ಟಿಯಾಯ್ತು. ಆದರೂ ಉಳಿದ ಸಾಧ್ಯತೆಗಳನ್ನು ತಳ್ಳಿಹಾಕದೆ ಒಂದಕ್ಕೇ ಅಂಟಿಕೊಳ್ಳುವುದು ಸರಿಯಲ್ಲ, ಅಕ್ಕೋರು ಅಂತೂ ಬಿಡುವವರಲ್ಲ.

ಸಮುದ್ರದ ಗಾಳಿಯ ಉಪ್ಪು ಇರಬಹುದೇ? ಕಡಲ ಎದುರಿನ ಮನೆಗಳಲ್ಲಿ ಇದು ನಿಜವಾದ ತೊಂದರೆ. ಆದರೆ ಗಾಳಿಯಿಂದ ಬಂದ ಉಪ್ಪಾದರೆ ಕಿಟಕಿ ಕಡೆಯ ಎಲೆಗಳು ಮೊದಲು ಹಾಳಾಗಬೇಕು, ಎಲೆಯ ಮೇಲೆಲ್ಲ ಚುಕ್ಕೆ ಬೀಳಬೇಕು. ಇಲ್ಲಿ ಒಳಕೋಣೆಯ ಡ್ರಸೀನಾಕ್ಕೂ ಕಿಟಕಿಯ ಲಿಲಿಗೂ ವ್ಯತ್ಯಾಸ ಇರಲಿಲ್ಲ. ಒಣಗಾಳಿ? ಏಪ್ರಿಲಿನ ಕಾರವಾರದಲ್ಲಿ ಒಗೆದ ಬಟ್ಟೆಯೇ ನೆಟ್ಟಗೆ ಒಣಗುವುದಿಲ್ಲ. ಎಸಿ ಹಾಕುವ ಕೋಣೆಯ ಗಿಡ ಬೇರೆಯವಕ್ಕಿಂತ ಹೆಚ್ಚು ಕೆಟ್ಟಿದ್ದರೆ ಯೋಚಿಸಬಹುದಿತ್ತು, ಹಾಗೂ ಇರಲಿಲ್ಲ. ಬೆಳಕು, ಹುಳ ಎರಡನ್ನೂ ನೋಡಿ ಬಿಟ್ಟೆ.

ಕೊಕೊಪೀಟ್ ಮೇಲೆ ನನಗೂ ಒಂದು ಕಣ್ಣಿತ್ತು. ತೊಳೆಯದ ಕೊಕೊಪೀಟ್‌ನಲ್ಲಿ ಸೋಡಿಯಮ್, ಪೊಟ್ಯಾಸಿಯಮ್, ಕ್ಲೋರೈಡ್ ಸಾಕಷ್ಟು ಇರುತ್ತದೆ, ಅದರಲ್ಲೂ ತೆಂಗಿನ ಸಿಪ್ಪೆಯನ್ನು ಸವಳು ನೀರಲ್ಲಿ ನೆನೆಸಿ ಮಾಡಿದ್ದಾದರೆ. ಇಟ್ಟಿಗೆಯಾಗಿ ಸಿಗುವುದನ್ನು ಒಳ್ಳೇ ನೀರಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ, ಮತ್ತೆ ಹಾಗೇ ಮಾಡಿಯೇ ಬಳಸಬೇಕು. ಆದರೆ ಇದೇ ಚೀಲದ ಕೊಕೊಪೀಟ್ ಶಿರಸಿಯ ಕುಂಡಗಳಲ್ಲೂ ಇತ್ತು, ಅಲ್ಲಿ ತೊಂದರೆ ಇಲ್ಲ. ಹಾಗಾಗಿ ಅದೂ ಅಲ್ಲ.

ಅಕ್ಕೋರ ಮಗ ಅಮೆರಿಕದಲ್ಲಿದ್ದಾನೆ. ಅವನು ಫೋನಲ್ಲಿ ಖಡಾಖಂಡಿತವಾಗಿ ಹೇಳಿದ್ದನಂತೆ, ಇದು ನಲ್ಲಿ ನೀರಿನ ಫ್ಲೋರೈಡ್ ಅಂತ. ಮಾತು ಸುಳ್ಳಲ್ಲ. ಸ್ಪೈಡರ್ ಪ್ಲಾಂಟ್, ಡ್ರಸೀನಾ ಎರಡೂ ಫ್ಲೋರೈಡ್ ತಡೆಯದ ಗಿಡಗಳೇ, ಅದರ ಲಕ್ಷಣವೂ ತುದಿ ಸುಡುವುದೇ. ಆದರೆ ಅಲ್ಲಿ ಹಲ್ಲಿನ ಆರೋಗ್ಯಕ್ಕೆ ಅಂತ ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸುತ್ತಾರೆ. ನಮ್ಮಲ್ಲಿ ಸೇರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಫ್ಲೋರೈಡ್ ತೊಂದರೆ ಇರುವುದು ಒಳನಾಡಿನ ಒಣ ಜಿಲ್ಲೆಗಳ ಆಳದ ಬೋರ್‌ವೆಲ್‌ಗಳಲ್ಲಿ. ಕರಾವಳಿಯ ತೆರೆದ ಬಾವಿಯಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನಲ್ಲ. ಬೇರೆ ದೇಶದ ವಿಡಿಯೊ ನೋಡಿ ಗಿಡಕ್ಕೆ ಔಷಧಿ ಮಾಡುವವರು ಇಲ್ಲೇ ಎಡವುವುದು. ಲಕ್ಷಣ ಒಂದೇ ಇರುತ್ತದೆ, ನೀರು ಬೇರೆ ಇರುತ್ತದೆ.

ಮೀಟರ್ ಏನು ಹೇಳಿತು

ಬಾವಿ ನೀರು 780. ನಗರಸಭೆಯ ನಲ್ಲಿ ನೀರು 85. ಫಿಲ್ಟರಿನ ಕುಡಿಯುವ ನೀರು 60. ಫಿಲ್ಟರ್ ಹೊರಗೆ ಬಿಡುವ ನೀರು 1,120. ಹೋಲಿಕೆಗೆ, ಶಿರಸಿಯ ನನ್ನ ಬಾವಿ ನೀರು 45.

ಅಕ್ಕೋರಿಗೆ ಈ ಲೆಕ್ಕ ವಿವರಿಸುವ ಕಷ್ಟ ಬರಲಿಲ್ಲ, ಅವರೇ ಕಾಗದ ತೆಗೆದುಕೊಂಡು ಬಿಡಿಸಿದರು. ಆರ್‌ಒ ಫಿಲ್ಟರ್ ಉಪ್ಪನ್ನು ಮಾಯ ಮಾಡುವುದಿಲ್ಲ. ಮೂರು ಲೀಟರ್ ಬಾವಿ ನೀರು ಒಳಗೆ ಹೋದರೆ ಹೆಚ್ಚುಕಡಿಮೆ ಒಂದು ಲೀಟರ್ ಸಪ್ಪೆ ನೀರು ನಮಗೆ, ಬಾಕಿ ಎರಡು ಲೀಟರಿಗೆ ಮೂರು ಲೀಟರಿನ ಉಪ್ಪಷ್ಟೂ ಸೇರಿಕೊಂಡು ಪೈಪಿನಲ್ಲಿ ಹೊರಗೆ. ಬಾವಿಯೇ 780 ಇದ್ದರೆ ಹೊರಗೆ ಬರುವುದು ಸಾವಿರ ದಾಟಲೇಬೇಕು. ಈ ಫಿಲ್ಟರ್ ಹಾಕಿಸಿದ್ದು ಹೋದ ದೀಪಾವಳಿಗೆ. ಅಲ್ಲಿಯ ತನಕ ಗಿಡಕ್ಕೆ ನೇರ ಬಾವಿ ನೀರು ಹೋಗುತ್ತಿತ್ತು. ಹಳೇ ಸ್ಪೈಡರ್ ಪ್ಲಾಂಟ್ ಪ್ರತಿ ಬೇಸಿಗೆ ಸ್ವಲ್ಪ ಬಳಲಿ ಈ ವರ್ಷ ಪೂರ್ತಿ ಸುಟ್ಟದ್ದು ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

"ಆದರೆ ತಮಾ, ಬಾವಿ ನೀರು ಬಾಯಿಗೆ ಅಷ್ಟೇನೂ ಉಪ್ಪಿಲ್ಲ" ಅಂದರು. ಅದೂ ನಿಜವೇ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೂರು ಕೊಡ ಬಾವಿ ನೀರಿಗೆ ಒಂದೇ ಕೊಡ ಸಮುದ್ರದ ನೀರು ಸೇರಿದರೂ ಟಿಡಿಎಸ್ 350ರಷ್ಟು ಏರುತ್ತದೆ. ನಾಲಿಗೆಗೆ ಅದು ಸರಿಯಾಗಿ ಗೊತ್ತೂ ಆಗುವುದಿಲ್ಲ. ನದಿಮುಖದ ಪಕ್ಕದ ಬಾವಿಗಳಲ್ಲಿ ಮಳೆಗಾಲ ಮುಗಿದಾಗ ಸಿಹಿನೀರು ಮೇಲಿನ ತನಕ ತುಂಬಿರುತ್ತದೆ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಆಳದ ತನಕ ಸಿಹಿನೀರಿನ ಪದರ ಇರುತ್ತದೆ ಅನ್ನುವುದು ಅಂತರ್ಜಲ ಓದಿದವರ ಹಳೇ ಲೆಕ್ಕ. ಅದನ್ನೇ ತಿರುಗಿಸಿ ನೋಡಿ. ಬೇಸಿಗೆಯಲ್ಲಿ ಪಂಪು ಹಾಕಿ ಮೇಲಿನ ಒಂದು ಅಡಿ ಎಳೆದರೆ ಕೆಳಗಿನ ಉಪ್ಪುನೀರು ಆ 40 ಅಡಿಯಷ್ಟೂ ಮೇಲಕ್ಕೆ ಏರಲು ಜಾಗ ಮಾಡಿಕೊಟ್ಟ ಹಾಗೆ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರು ಸವಳಾಗುವುದು ಕೋಡಿಬಾಗದವರಿಗೆ ಹೊಸ ಸುದ್ದಿಯಲ್ಲ. ಅದು ಕುಂಡದ ಗಿಡದಲ್ಲಿ ಕಾಣುತ್ತದೆ ಅನ್ನುವುದು ಮಾತ್ರ ಯಾರಿಗೂ ಹೊಳೆದಿರುವುದಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಟಿಡಿಎಸ್ 500 ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 2,000 ತನಕ ನಡೆಯುತ್ತದೆ. ಹಾಗಾದರೆ ಮನುಷ್ಯರು ಕುಡಿಯಬಹುದಾದ 780 ಗಿಡಕ್ಕೆ ಯಾಕೆ ಆಗದು? ಹೆಚ್ಚಾದ ಉಪ್ಪನ್ನು ನಾವು ಮೂತ್ರದಲ್ಲಿ, ಬೆವರಿನಲ್ಲಿ ಹೊರಗೆ ಹಾಕುತ್ತೇವೆ. ಕುಂಡದ ಗಿಡಕ್ಕೆ ಆ ದಾರಿ ಇಲ್ಲ. ಎಲೆ ನೀರನ್ನು ಆವಿಯಾಗಿ ಬಿಡುತ್ತದೆ, ಉಪ್ಪು ಆವಿಯಾಗುವುದಿಲ್ಲ. ನೀರಿನ ದಾರಿ ಕೊನೆಯಾಗುವುದು ತುದಿಯಲ್ಲಿ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಬಿಸಿಲಿಗೆ ನೀರು ಹೋಗಿ ಉಪ್ಪು ಕೂರುತ್ತದಲ್ಲ, ಎಲೆಯ ತುದಿಯಲ್ಲಿ ನಡೆಯುವುದೂ ಅದೇ. ಹಳೇ ಎಲೆ ಹೆಚ್ಚು ದಿನ ಉಪ್ಪು ಕೂಡಿಸಿಕೊಂಡಿರುತ್ತದೆ, ಹಾಗಾಗಿ ಅದರಲ್ಲಿ ಸುಟ್ಟದ್ದೂ ಜಾಸ್ತಿ. ಏಪ್ರಿಲಿನ ಸೆಕೆಗೆ ಎಲೆ ಜಾಸ್ತಿ ನೀರು ಬಿಡುತ್ತದೆ, ಜೊತೆಗೆ ಉಪ್ಪೂ ಬೇಗ ಸೇರುತ್ತದೆ.

ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ಇನ್ನೊಂದು ತೊಂದರೆ. ಮಣ್ಣು ಒದ್ದೆ ಇದ್ದರೂ ಬೇರಿಗೆ ನೀರು ಎಳೆಯಲಾಗುವುದಿಲ್ಲ. ಗಿಡ ಬಾಡಿದ ಹಾಗೆ ಕಾಣುತ್ತದೆ. ಬಾಡಿತು ಅಂತ ಮತ್ತೆ ಅದೇ ನೀರು. ಅಕ್ಕೋರ ಮನೆಯಲ್ಲಿ ಫೆಬ್ರವರಿಯಿಂದ ನಡೆದದ್ದು ಇದೇ.

ಕುಂಡದೊಳಗಿನ ಉಪ್ಪು ಎಷ್ಟಿದೆ ಅಂತ ನೋಡುವ ವಿಧಾನ ಸುಲಭ. ಗಿಡಕ್ಕೆ ಎಂದಿನ ಹಾಗೆ ನೀರು ಹಾಕಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡಬೇಕು. ಅಡಿ ತಟ್ಟೆ ಖಾಲಿ ಮಾಡಿ ಒರೆಸಬೇಕು. ಆಮೇಲೆ ಮೇಲಿಂದ ನಿಧಾನಕ್ಕೆ ಅರ್ಧ ಲೋಟದಷ್ಟು ಸಪ್ಪೆ ನೀರು ಸುರಿದರೆ, ಮಣ್ಣಿನೊಳಗೆ ಇದ್ದ ನೀರು ತಳದಿಂದ ಜಿನುಗುತ್ತದೆ. ಅದನ್ನು ಅಳೆಯಬೇಕು. ಮನೆಯೊಳಗಿನ ಎಲೆಗಿಡಗಳಿಗೆ ಅದು ಸಾವಿರದ ಆಸುಪಾಸು ದಾಟಿದರೆ ನಾನು ಎಚ್ಚರವಾಗುತ್ತೇನೆ. ಸ್ಪೈಡರ್ ಪ್ಲಾಂಟಿನದ್ದು 3,400 ಬಂತು. ಪೀಸ್ ಲಿಲಿ 2,900. ಶಿರಸಿಯಲ್ಲಿ ಉಳಿದ ಅದೇ ಬ್ಯಾಚಿನ ಸ್ಪೈಡರ್ ಪ್ಲಾಂಟಿನದ್ದು ಹಿಂದಿನ ದಿನ ಅಳೆದು ಬಂದಿದ್ದೆ, 350.

3,400ಕ್ಕೆ ನೀರೊಂದೇ ಕಾರಣ ಇರಲಿಕ್ಕಿಲ್ಲ ಅನಿಸಿ ಗೊಬ್ಬರದ ಬಗ್ಗೆ ಕೇಳಿದೆ. ಹಳದಿ ಕಂಡ ಕೂಡಲೇ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರುವ ಗೊಬ್ಬರ) ನೀರಲ್ಲಿ ಕರಗಿಸಿ ಹಾಕಿದ್ದರು. ಗುಣ ಕಾಣಲಿಲ್ಲ ಅಂತ ಯಾರೋ ಹೇಳಿದ ಹಾಗೆ ಎಪ್ಸಮ್ ಸಾಲ್ಟ್. ಅದೂ ಆಗಲಿಲ್ಲ ಅಂತ ಶೇಂಗಾ ಹಿಂಡಿ ನೆನೆಸಿದ ನೀರು. ಗೊಬ್ಬರಗಳ ಮೇಲೆ ನನಗೆ ಸಿಟ್ಟಿಲ್ಲ, ಆದರೆ 19:19:19 ಕೂಡ ನೀರಲ್ಲಿ ಕರಗಿದ ಮೇಲೆ ಲವಣವೇ, ಎಪ್ಸಮ್ ಅಂದರೆ ಮೆಗ್ನೀಷಿಯಮ್ ಸಲ್ಫೇಟ್, ಅದೂ ಲವಣವೇ. ಉಪ್ಪಿಂದ ಸುಟ್ಟ ಬೇರಿಗೆ ಮತ್ತಷ್ಟು ಲವಣ ಹೋದದ್ದೇ ಬಂತು. ಮೆಗ್ನೀಷಿಯಮ್ ಕೊರತೆ ಇದ್ದರೆ ನರದ ನಡುವೆ ಹಳದಿ ಇರಬೇಕಿತ್ತು, ಇಲ್ಲಿ ಅದು ಇರಲೇ ಇಲ್ಲ.

ಇಷ್ಟಾದರೂ ಅಕ್ಕೋರಿಗೆ ಒಂದು ತಕರಾರು ಇತ್ತು, ನ್ಯಾಯವಾದದ್ದೇ. "ನಿನ್ನ ಮೀಟರ್ ಲವಣ ಅದೆ ಅಂತ ಹೇಳ್ತದೆ, ಸಮುದ್ರದ ಉಪ್ಪು ಅಂತ ಎಲ್ಲಿ ಹೇಳ್ತು? ಸುಣ್ಣದ ಅಂಶವೂ ಇರಬಹುದಲ್ಲ?" ಅವರೇ ದಾರಿಯನ್ನೂ ಹುಡುಕಿದರು. ತಾವು ಕಲಿಸುತ್ತಿದ್ದ ಶಾಲೆಯ ಲ್ಯಾಬಿಗೆ ನಾಲ್ಕು ಬಾಟ್ಲಿ ನೀರು ಒಯ್ದು, ಒಂದೊಂದಕ್ಕೂ ಸಿಲ್ವರ್ ನೈಟ್ರೇಟ್ ಹನಿಸಿದರು. ಕ್ಲೋರೈಡ್ ಇದ್ದರೆ ಬಿಳಿ ಮಡ್ಡಿ ಬೀಳಬೇಕು. ನಲ್ಲಿ ನೀರು ಸ್ವಲ್ಪ ಮಬ್ಬಾಯಿತು ಅಷ್ಟೇ. ಬಾವಿ ನೀರು ಬೆಳ್ಳಗಾಯಿತು. ಫಿಲ್ಟರ್ ಹೊರಬಿಟ್ಟ ನೀರಲ್ಲಿ ಮಡ್ಡಿ ಗಟ್ಟಿಯಾಗಿ ತಳಕ್ಕೆ ಕೂತಿತು. ಫೋಟೊ ಕಳಿಸಿ ಕೆಳಗೆ ಬರೆದಿದ್ದರು: "ನಿನ್ನ ಗಿಡ ಪಾಸ್. ನನ್ನ ಬಕೆಟ್ ಫೇಲ್."

ಏಪ್ರಿಲಿನಲ್ಲಿ ನೀರೆಲ್ಲಿ?

ಪುಸ್ತಕದ ಪರಿಹಾರ ಎಲ್ಲರಿಗೂ ಗೊತ್ತು. ಕುಂಡದ ಎರಡರಷ್ಟು ಒಳ್ಳೇ ನೀರನ್ನು ನಿಧಾನವಾಗಿ ಹಾಯಿಸಿ ಉಪ್ಪನ್ನು ತೊಳೆದುಬಿಡಬೇಕು. ಎಂಟು ಇಂಚಿನ ಕುಂಡದಲ್ಲಿ ಸುಮಾರು 4 ಲೀಟರ್ ಮಣ್ಣು ಹಿಡಿಯುತ್ತದೆ, ಅದಕ್ಕೆ 8 ಲೀಟರ್ ನೀರು. ಹೇಳುವುದು ಸುಲಭ. ಏಪ್ರಿಲಿನಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಮನೆ ತುಂಬಾ ಇರುವ ಕುಂಡಗಳನ್ನು ಹೀಗೆ ತೊಳೆಯಿರಿ ಅಂತ ಹೇಳಿದರೆ ಅಕ್ಕೋರು ನನ್ನನ್ನೇ ತೊಳೆದು ಕಳಿಸುತ್ತಿದ್ದರು. ನೀರಿಗೆ ಬರ ಇದ್ದದ್ದಕ್ಕೇ ತಾನೇ ಅವರು ಫಿಲ್ಟರ್ ನೀರು ಹಿಡಿದದ್ದು.

ಹಾಗಾಗಿ ಪಾಲು ಮಾಡಿದೆವು. ಅತಿ ಕೆಟ್ಟದಾಗಿದ್ದ ಮೂರು ಕುಂಡಗಳಿಗೆ ಮಾತ್ರ ಆಗಲೇ ಸ್ನಾನ, ನಲ್ಲಿ ನೀರಲ್ಲಿ. ಒಮ್ಮೆಲೇ ಸುರಿದರೆ ನೀರು ಕುಂಡದ ಅಂಚಿನಿಂದ ಇಳಿದು ಹೋಗುತ್ತದೆ, ನಡುವಿನ ಉಪ್ಪು ಅಲ್ಲೇ ಇರುತ್ತದೆ. ಅದಕ್ಕೇ ಚೊಂಬಿನಿಂದ ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು. ಮೇಲಿನ ಬಿಳಿ ಪದರವನ್ನು ಮೊದಲೇ ಒಂದು ಬೆರಳಿನಷ್ಟು ಕೆರೆದು ತೆಗೆದೆವು, ಇಲ್ಲದಿದ್ದರೆ ಅದೇ ಕರಗಿ ಮತ್ತೆ ಒಳಗೆ ಹೋಗುತ್ತದೆ. ತೊಳೆದ ಮೇಲೆ ಸ್ಪೈಡರ್ ಪ್ಲಾಂಟಿನ ಜಿನುಗು ನೀರು 700ಕ್ಕೆ ಇಳಿಯಿತು. ಅಡಿ ತಟ್ಟೆಯಲ್ಲಿ ನೀರು ನಿಲ್ಲಿಸುವುದು ಅವತ್ತಿಗೇ ಬಂದ್, ಯಾಕೆಂದರೆ ತೊಳೆದ ಉಪ್ಪು ಆ ನೀರಿನ ಜೊತೆ ಮತ್ತೆ ಮೇಲಕ್ಕೆ ಏರುತ್ತದೆ.

ದಿನಾ ಹಾಕಲಿಕ್ಕೆ ಎಸಿ ನೀರು. ಇದು ಅಕ್ಕೋರ ಸೊಸೆಯ ತಲೆಗೆ ಹೊಳೆದದ್ದು. ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ಎಸಿ ಓಡಿದರೆ ಬಕೆಟ್ ನೀರು ಸಿಗುತ್ತದೆ, ಗಾಳಿಯ ತೇವವೇ ತಣಿದು ನೀರಾಗುವುದರಿಂದ ಅದರಲ್ಲಿ ಲವಣ ಇರುವುದೇ ಇಲ್ಲ ಅನ್ನಬಹುದು. ಮೀಟರ್ 15 ತೋರಿಸಿತು. ಕುಡಿಯಲಿಕ್ಕೆ ಆಗದು, ಎಸಿ ಒಳಗಿನ ಲೋಹ, ಧೂಳು ತೊಳೆದುಕೊಂಡು ಬಂದಿರುತ್ತದೆ. ಅಂದದ ಗಿಡಕ್ಕೆ ಧಾರಾಳ ಸಾಕು.

ನಲ್ಲಿ ನೀರನ್ನು ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಹಾಕಿದರೆ ಉಪ್ಪು ಹೋಗುತ್ತದಾ ಅಂತ ಪಕ್ಕದ ಮನೆಯವರು ಕೇಳಿದರು. ಕ್ಲೋರಿನ್ ಹಾರಿಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕುದಿಸಿದರೂ ಅಷ್ಟೇ, ನೀರು ಕಡಿಮೆಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಫಿಲ್ಟರ್ ಹೊರಬಿಡುವ ನೀರನ್ನು ಚೆಲ್ಲುವ ಮಾತೇ ಬೇಡ ಅಂತ ಅಕ್ಕೋರು ಹಠ ಹಿಡಿದರು. ನಾನೂ ಚೆಲ್ಲಿ ಅನ್ನಲಿಲ್ಲ. ನೆಲ ಒರೆಸಲು, ಪಾಯಿಖಾನೆಗೆ, ಪಾತ್ರೆಯ ಮೊದಲ ತೊಳಪಿಗೆ ಅದು ಸಾಕು. ಉಳಿದದ್ದು ಹಿತ್ತಲಿನ ತೆಂಗಿನ ಬುಡಕ್ಕೆ. ತೆಂಗಿಗೆ ಕ್ಲೋರೈಡ್ ಬೇಕು, ಬುಡಕ್ಕೆ ಉಪ್ಪು ಹಾಕುವ ರೂಢಿಯೇ ನಮ್ಮಲ್ಲಿದೆ. ಉಪ್ಪು ಅಂದರೆ ಎಲ್ಲಾ ಗಿಡಕ್ಕೂ ವಿಷ ಅಂತೇನಿಲ್ಲ. ಅಕ್ಕೋರ ತವರು ಕುಮಟಾ ಕಡೆ, ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ಏರುವ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಸವಳು ತಡೆದುಕೊಂಡು ಬೆಳೆಯುವುದನ್ನು ನೋಡಿಯೇ ದೊಡ್ಡವರಾದವರು. ಹೊಳೆ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಉಪ್ಪುನೀರಲ್ಲೇ ಕಾಲಿಟ್ಟು ನಿಲ್ಲುತ್ತದೆ. ಪೀಸ್ ಲಿಲಿಯ ಮೂಲ ಅಮೆರಿಕ ಖಂಡದ ಮಳೆಕಾಡಿನ ನೆಲ. ಅದಕ್ಕೆ ಇದೆಲ್ಲ ಎಲ್ಲಿ ಅಭ್ಯಾಸ?

ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ವಾರ ಕಳೆದ ಕೂಡಲೇ "ಏನೂ ಆಗ್ಲಿಲ್ಲ" ಅಂತ ಫೋನ್ ಬರುತ್ತದೆ. ನೋಡಲು ಚೆಂದ ಕಾಣಬೇಕಾದರೆ ಎಲೆಯ ಆಕಾರಕ್ಕೇ ಓರೆಯಾಗಿ ಕತ್ತರಿಸಬಹುದು, ಹಸಿರಿಗೆ ಕತ್ತರಿ ತಾಗದ ಹಾಗೆ ಕೂದಲೆಳೆಯಷ್ಟು ಕಂದು ಬಿಟ್ಟು. ಗುಣವಾಯ್ತೋ ಇಲ್ಲವೋ ಅಂತ ಹೊಸ ಎಲೆ ನೋಡಿಯೇ ತಿಳಿಯಬೇಕು. ಅಕ್ಕೋರ ಬಾಲ್‌ಪೆನ್ ಗೆರೆ ಇಲ್ಲೂ ಉಪಯೋಗಕ್ಕೆ ಬಂತು, ಹಳದಿ ಗೆರೆ ದಾಟುವುದು ಮೇ ತಿಂಗಳ ಮಧ್ಯಕ್ಕೆ ನಿಂತಿತ್ತು.

ಉಳಿದ ಕುಂಡಗಳಿಗೆ ಜೂನ್ ತನಕ ಕಾಯಲು ಹೇಳಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಉಪ್ಪು ತೊಳೆಯಲು ನಾವು ಬಕೆಟ್ ಹೊತ್ತು ಒದ್ದಾಡುವುದು ಯಾಕೆ? ಒಂದೇ ಷರತ್ತು, ಮೊದಲ ಒಂದೆರಡು ಮಳೆಯಲ್ಲಿ ಸೂರಿನ ಕೆಳಗೆ ಇಡಬಾರದು. ಆರು ತಿಂಗಳ ಧೂಳು, ಗಾಳಿಯ ಉಪ್ಪು ಎಲ್ಲಾ ಹಂಚಿನ ಮೇಲೆ ಕೂತಿರುತ್ತದೆ. ಅದು ತೊಳೆದು ಹೋದ ಮೇಲೆ ಕುಂಡಗಳನ್ನು ಅಂಗಳದ ನೆರಳಿಗೆ ತಂದಿಟ್ಟರು, ನಾಲ್ಕೈದು ದಿನ ಮಾತ್ರ. ಹಾಗೇ ಬಿಟ್ಟರೆ ಉಪ್ಪಿನ ಜೊತೆ ಸಾರಜನಕವೂ ತೊಳೆದುಹೋಗಿ ಗಿಡ ಪೇಲವವಾಗುತ್ತದೆ, ಬೇರೂ ಕೊಳೆಯುತ್ತದೆ. ಆಗಸ್ಟಿನಲ್ಲಿ ಅಳೆದಾಗ ಅದೇ ಸ್ಪೈಡರ್ ಪ್ಲಾಂಟ್ 240 ತೋರಿಸಿತು. ಅಲ್ಲಿಯ ತನಕ ಗೊಬ್ಬರ ಹಾಕಿರಲಿಲ್ಲ. ಆಮೇಲೆ ಪ್ಯಾಕೆಟಿನಲ್ಲಿ ಹೇಳಿದ್ದರ ಅರ್ಧದಷ್ಟು ಹಾಕಲು ಶುರು ಮಾಡಿದರು.

ಚೌತಿ ಹೊತ್ತಿಗೆ ಸ್ಪೈಡರ್ ಪ್ಲಾಂಟುಗಳು ಮರಿ ಬಿಟ್ಟವು, ತುದಿ ಶುದ್ಧ ಹಸಿರು. ಪೀಸ್ ಲಿಲಿ ಹೊಸ ಎಲೆ ಚೆನ್ನಾಗಿ ಕೊಟ್ಟಿತು, ಹೂ ಇನ್ನೂ ಬಂದಿಲ್ಲ. ಅರೆಕಾ ಉಳಿಯಲಿಲ್ಲ. ಕುಂಡದಿಂದ ಬಿಡಿಸಿ ನೋಡಿದರೆ ಬೇರು ಅರ್ಧಕ್ಕರ್ಧ ಕಪ್ಪಾಗಿತ್ತು. ಬೇರು ಅಷ್ಟು ಹೋದ ಮೇಲೆ ಒಳ್ಳೇ ನೀರು ಕೊಟ್ಟರೂ ಎಳೆಯುವುದು ಯಾವುದರಿಂದ?

ಸಮಸ್ಯೆ ಉಳಿದಿರುವುದು ಡ್ರಸೀನಾದ ಎರಡು ಕುಂಡಗಳಲ್ಲಿ. ಜಿನುಗು ನೀರು 300 ಒಳಗೆ ಬಂದಿದೆ, ಆದರೂ ಹೊಸ ಎಲೆಯ ತುದಿಯಲ್ಲಿ ಕಡ್ಡಿಯಷ್ಟು ಹಳದಿ ಬರುತ್ತಲೇ ಇದೆ. ವಿಚಾರಿಸಿದರೆ, ಕಳೆದ ಚಳಿಗಾಲದಲ್ಲಿ ತೋಟಕ್ಕೆ ತಂದ ಸೂಪರ್ ಫಾಸ್ಫೇಟ್ ಎರಡು ಹಿಡಿ ಆ ಕುಂಡಗಳಿಗೂ ಬಿದ್ದಿತ್ತಂತೆ. ಸೂಪರ್ ಫಾಸ್ಫೇಟ್ ಮಾಡುವುದು ಶಿಲಾರಂಜಕ ಅನ್ನುವ ಕಲ್ಲಿನಿಂದ, ಅದರಲ್ಲಿ ಸಹಜವಾಗಿಯೇ ಇರುವ ಫ್ಲೋರೈಡ್ ಸ್ವಲ್ಪ ಗೊಬ್ಬರದಲ್ಲೂ ಉಳಿದಿರುತ್ತದೆ. ಅಂದರೆ ಅಮೆರಿಕದ ಮಗ ಹೇಳಿದ್ದು ಈ ಎರಡು ಕುಂಡದ ಮಟ್ಟಿಗೆ ನಿಜ ಇರಬಹುದು, ನೀರಿನ ಬದಲು ಗೊಬ್ಬರದಿಂದ. ಟಿಡಿಎಸ್ ಮೀಟರ್ ಇದನ್ನು ಹಿಡಿಯುವುದಿಲ್ಲ, ಗಿಡಕ್ಕೆ ತೊಂದರೆ ಕೊಡುವಷ್ಟು ಫ್ಲೋರೈಡ್ ಇದ್ದರೂ ಅಂಕಿ ಏರುವುದು ಅತಿ ಸ್ವಲ್ಪ. ಮಣ್ಣು ಹುಳಿಯಾಗಿದ್ದರೆ ಗಿಡ ಫ್ಲೋರೈಡನ್ನು ಜಾಸ್ತಿ ಎಳೆಯುತ್ತದೆ, ಪಿಎಚ್ (ಹುಳಿಯ ಅಳತೆ, ಹುಳಿ ಜಾಸ್ತಿಯಾದಷ್ಟು ಅಂಕಿ ಕಡಿಮೆ) 6–6.5ರ ಮಟ್ಟಕ್ಕೆ ಏರಿಸಿದರೆ ಕಡಿಮೆಯಾಗುತ್ತದೆ. ಮಣ್ಣು ಪೂರ್ತಿ ಕೊಡವಿ, ಸೂಪರ್ ಫಾಸ್ಫೇಟ್ ಇಲ್ಲದ ಹೊಸ ಮಿಶ್ರಣಕ್ಕೆ ಒಂದು ಚಿಟಿಕೆ ಕೃಷಿ ಸುಣ್ಣ ಸೇರಿಸಿ ಎರಡನ್ನೂ ಮರು ನೆಟ್ಟಿದ್ದೇವೆ. ಅಕ್ಕೋರು ಹೊಸ ಎಲೆಗಳಿಗೆ ಮತ್ತೆ ಬಾಲ್‌ಪೆನ್ ಗೆರೆ ಹಾಕಿ ಇಟ್ಟಿದ್ದಾರೆ. ಬಾವಿ ನೀರು ಮಾತ್ರ ಈಗ 160 ಇದೆ, ಜನವರಿಯಿಂದ ತಿಂಗಳಿಗೊಮ್ಮೆ ಅಳೆದು 300 ದಾಟಿದ ದಿನವೇ ಗಿಡಗಳನ್ನು ಎಸಿ ನೀರಿಗೆ ಬದಲಾಯಿಸುವುದು ಅಂತ ಮಾತಾಗಿದೆ. ಮೀಟರನ್ನು ಅವರ ಹತ್ತಿರವೇ ಬಿಟ್ಟು ಬಂದಿದ್ದೇನೆ.